ಊರಿಗೆ ಹೋಗುವ ಬಸ್ಸಿನ ದರಕ್ಕೆ ಮಿತಿ ಬೇಡವೆ?



ಹಬ್ಬವೋ ರಜೆಯೋ ಹತ್ತಿರ ಬಂದರೆ ಸಾರಿಗೆ ಇಲಾಖೆಯ ಎಚ್ಚರಿಕೆಯೊಂದು ಪತ್ರಿಕೆಗಳಲ್ಲಿ ಬರುತ್ತದೆ. ಖಾಸಗಿ ಬಸ್ಸಿನವರು ಹೆಚ್ಚಿನ ದರ ವಸೂಲು ಮಾಡಿದರೆ ಕಠಿಣ ಕ್ರಮ ಎಂಬುದು ಅದರ ಸಾರ. ಅದು ಅಚ್ಚಾದ ದಿನವೂ ಬೆಂಗಳೂರಿನಿಂದ ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರಗುಂದದ ಕಡೆ ಹೊರಡುವ ಸ್ಲೀಪರ್ ಬಸ್ಸುಗಳ ದರ ಮಾಮೂಲಿನ ಎರಡು ಪಟ್ಟು, ಕೆಲವು ರಾತ್ರಿ ಮೂರು ಪಟ್ಟು ಇರುತ್ತದೆ. ಬರಿಯ ಎಚ್ಚರಿಕೆಯಿಂದ ಇದು ನಿಲ್ಲುವುದಿಲ್ಲ. ದರಕ್ಕೆ ಮೇಲ್ಮಿತಿ ಕಟ್ಟಬೇಕು, ಬಸ್ಸು-ರೈಲುಗಳ ಏರ್ಪಾಡು ರಜೆಗೆ ಮೊದಲೇ ಆಗಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಾನು ಗಜೇಂದ್ರಗಡದ ಮಗಳು, ರೋಣ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ನೌಕರಿಯ ಸಲುವಾಗಿ ಬೆಂಗಳೂರಿಗೆ ಬಂದು ಬಹಳ ವರ್ಷಗಳಾದವು. ವಯಸ್ಸಾದ ಅವ್ವ ಊರಲ್ಲಿದ್ದಾಳೆ. ಅತ್ತೆ-ಮಾವ ಇನ್ನೂ ಎರಿ ಹೊಲ ಬಿಟ್ಟಿಲ್ಲ. ಮಕ್ಕಳಿಗೆ ಅಜ್ಜಿ-ಅಜ್ಜನ ಜೊತೆ ನಾಲ್ಕು ದಿನ ಇರಲು ಸಿಗುವುದು ಬೇಸಿಗೆಯಲ್ಲಿ ಮಾತ್ರ. ಈ ಸಲ ನಮ್ಮ ಮನೆಮಂದಿ ಹೋಗಿಬಂದ ಬಸ್ಸಿನ ಖರ್ಚು ತಿಂಗಳ ಕಿರಾಣಿ ಖರ್ಚನ್ನು ಮೀರಿತು. ನಮಗೆ ಸಂಬಳವಿದೆ, ಹೇಗೋ ನಿಭಾಯಿಸಿದೆವು. ನಮ್ಮ ಬಡಾವಣೆಯಲ್ಲಿ ಗೌಂಡಿ ಕೆಲಸ ಮಾಡುವ ನಮ್ಮ ಕಡೆಯ ಕುಟುಂಬವೊಂದಕ್ಕೆ ಅದು ಆಗಲಿಲ್ಲ. ಆ ಮನೆಯ ಹೆಣ್ಣುಮಗಳು ಹೇಳಿದ ಮಾತು: “ಅಕ್ಕಾರ, ಇದ್ದ ರೊಕ್ಕ ಎಲ್ಲಾ ಬಸ್ಸಿಗೇ ಕೊಟ್ರ ಊರಾಗ ಇಳದು ಏನ್ ಮಾಡೋದ್ರಿ? ಮುದುಕರ ಕೈಯಾಗ ನಾಕು ರೂಪಾಯಿ ಇಡಬೇಕೋ ಬ್ಯಾಡೋ?” ಗಂಡ ಒಬ್ಬನೇ ಹೊಲದ ಕೆಲಸಕ್ಕೆಂದು ಹೋಗಿಬಂದ. ಮಕ್ಕಳು ರಜೆಯನ್ನೆಲ್ಲ ಕಟ್ಟಡದ ಬದಿಯ ಶೆಡ್ಡಿನಲ್ಲೇ ಕಳೆದವು.

ನಮ್ಮ ಭಾಗದಲ್ಲಿ ಇಂಥ ಕುಟುಂಬಗಳು ಊರೂರಿಗೂ ಇವೆ. ಹಿಂಗಾರಿನ ಕಡಲೆ, ಜೋಳ, ಗೋಧಿ ಒಕ್ಕಿ ಮುಗಿದರೆ ಎರಿ ಸೀಮೆಯಲ್ಲಿ ಕೈಗೆ ಕೆಲಸವಿರುವುದಿಲ್ಲ. ಗೋವಾ, ಮಂಗಳೂರು, ಬೆಂಗಳೂರು ಎಂದು ಜನ ದುಡಿಯಲು ಹೋಗುತ್ತಾರೆ. ದವನದ ಹುಣ್ಣಿಮೆಯ ಹೊತ್ತಿಗೆ ಕಾಲಕಾಲೇಶ್ವರನ ತೇರು, ಬಸವ ಜಯಂತಿ, ಸಾಲು ಸಾಲು ಮದುವೆಗಳು, ಮೇ ಕೊನೆಗೆ ರೋಹಿಣಿ ಮಳೆ, ಅದರ ಬೆನ್ನಿಗೇ ಹೆಸರು ಬಿತ್ತನೆ. ಹೊಲ ಹರಗಿ ಹಸನು ಮಾಡುವುದಕ್ಕಾದರೂ ಮನೆಯ ಗಂಡಾಳು ಊರಿಗೆ ಬರಲೇಬೇಕು. ಇದನ್ನು ಪ್ರವಾಸವೆಂದು ಎಣಿಸಿದರೆ ನಮ್ಮ ಸೀಮೆಯ ಬದುಕನ್ನೇ ತಪ್ಪಾಗಿ ಓದಿದಂತೆ.

ಈ ಜನದಟ್ಟಣೆ ಹೇಳದೆ ಕೇಳದೆ ಬರುವಂಥದ್ದೂ ಅಲ್ಲ. 2024ರಲ್ಲೂ 2025ರಲ್ಲೂ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಸರ್ಕಾರವೇ ನಿಗದಿ ಮಾಡಿದ ದಿನಾಂಕಗಳಿವು. ಯಾವ ವಾರ ಜನ ಊರಿನ ಕಡೆ ಹೊರಡುತ್ತಾರೆ, ಯಾವ ವಾರ ತಿರುಗಿ ಬರುತ್ತಾರೆ ಎಂಬುದು ತಿಂಗಳುಗಳ ಮೊದಲೇ ಸರ್ಕಾರಕ್ಕೆ ಗೊತ್ತಿರುತ್ತದೆ.

ಕಾನೂನು ಏನು ಹೇಳುತ್ತದೆ ನೋಡಿ. ರಾತ್ರಿ ಹೊರಡುವ ಖಾಸಗಿ ಬಸ್ಸುಗಳಲ್ಲಿ ಹೆಚ್ಚಿನವುಗಳ ಪರವಾನಗಿ ಒಪ್ಪಂದ ವಾಹನದ್ದು ಇಲ್ಲವೆ ಪ್ರವಾಸಿ ವಾಹನದ್ದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಪ್ಪಂದ ವಾಹನವೆಂದರೆ ಒಂದು ಕರಾರಿನ ಮೇಲೆ ಇಡಿಯಾಗಿ ಬಾಡಿಗೆಗೆ ಹಿಡಿದದ್ದು. ಬಿಡಿ ಪ್ರಯಾಣಿಕರನ್ನು ದಾರಿಯಲ್ಲಿ ಹತ್ತಿಸಿ ಇಳಿಸಿ ತಲೆಗಿಷ್ಟೆಂದು ಹಣ ಪಡೆಯುವುದು ಮಜಲು ವಾಹನದ ಕೆಲಸ. ಬೆಂಗಳೂರಿನ ಆನಂದರಾವ್ ವೃತ್ತದಲ್ಲಿ ಸಂಜೆ ಹೊತ್ತು ಬಸ್ಸಿಗೆ ಕಾದವರಿಗೆ ಈಗ ನಡೆಯುತ್ತಿರುವುದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಒಪ್ಪಂದ ವಾಹನಗಳು ಕದ್ದುಮುಚ್ಚಿ ಮಜಲು ವಾಹನಗಳಂತೆ ಓಡುತ್ತಿವೆ ಎಂಬ ಕಾರಣಕ್ಕೇ ಈ ರಾಜ್ಯ 1976ರಲ್ಲಿ ಕಾಯಿದೆ ತಂದು ಅವುಗಳನ್ನು ವಶಪಡಿಸಿಕೊಂಡಿತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2003ರಲ್ಲಿ ರಾಜ್ಯವೇ ಆ ಕಾಯಿದೆಯನ್ನು ರದ್ದು ಮಾಡಿತು. ಮತ್ತೆ ವಶಪಡಿಸಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಈ ಬಸ್ಸುಗಳಿಲ್ಲದೆ ನಮಗೆ ನಡೆಯುವುದಿಲ್ಲ ಎಂಬುದೂ ನಿಜ. ಆದರೆ 1988ರ ಕಾಯಿದೆಯ 67ನೇ ಸೆಕ್ಷನ್ ಮಜಲು ವಾಹನಗಳಿಗೂ ಒಪ್ಪಂದ ವಾಹನಗಳಿಗೂ ಗರಿಷ್ಠ, ಕನಿಷ್ಠ ದರ ನಿಗದಿ ಮಾಡುವಂತೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರ ನಮ್ಮ ರಾತ್ರಿ ಬಸ್ಸುಗಳ ಮೇಲೆ ಯಾಕೆ ಬಳಕೆಯಾಗುತ್ತಿಲ್ಲ?

ಬೇಡಿಕೆ ಹೆಚ್ಚಿದಾಗ ದರ ಏರುವುದು ವ್ಯಾಪಾರದ ಧರ್ಮ, ರಜೆಯಲ್ಲಿ ಹೋಗುವಾಗ ಬಸ್ಸು ತುಂಬಿದರೆ ಬರುವಾಗ ಖಾಲಿ ಬರುತ್ತದೆ, ತೆರಿಗೆ-ಡೀಸೆಲ್ ಖರ್ಚು ಹೊರಬೇಕು ಎನ್ನುತ್ತಾರೆ ಬಸ್ಸಿನ ಮಾಲೀಕರು. ಖಾಲಿ ಬರುವ ನಷ್ಟ ನಿಜವೆಂದೇ ಒಪ್ಪೋಣ. ಹಾಗಿದ್ದರೆ ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿದು, ಮಾಲೀಕರ ಜೊತೆಗೇ ಕೂತು, ಮಾಮೂಲಿ ದರದ ಮೇಲೆ ಇಂತಿಷ್ಟು ಪಾಲು ಎಂದು ಮಿತಿ ಹಾಕಬಹುದು. ಸರ್ಕಾರಿ ಬಸ್ಸಿನ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿದಾಗ ಸಂಪುಟದಲ್ಲಿ ತೀರ್ಮಾನವಾಯಿತು, ವಿರೋಧ ಪಕ್ಷಗಳು ಬೀದಿಗಿಳಿದವು, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಅದೇ ಜನರಿಂದ ಖಾಸಗಿ ಬಸ್ಸು ಒಂದು ರಾತ್ರಿಗೆ ದುಪ್ಪಟ್ಟು ಪಡೆದರೆ ಯಾರ ಒಪ್ಪಿಗೆಯೂ ಬೇಕಿಲ್ಲ ಎನ್ನುವುದು ಯಾವ ನ್ಯಾಯ?

ಇನ್ನು ನಮ್ಮ ಸರ್ಕಾರಿ ಬಸ್ಸು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೊಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಟಿಕೆಟ್ಟಿನ ಹಣವಿಲ್ಲದೆ ತವರಿಗೆ ಬರುವಂತಾಯಿತು. ಗಂಡನ ಮುಂದೆ ಬಸ್ಸಿನ ರೊಕ್ಕಕ್ಕೆ ಕೈ ಚಾಚದೆ ತಾಯಿಯ ಮುಖ ನೋಡಲು ಬರುವ ಹೆಂಗಸರನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ನೂಕುನುಗ್ಗಲಿಗೆ ಈ ಹೆಣ್ಣುಮಕ್ಕಳೇ ಕಾರಣ ಎಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತುವವರು ಹೆಚ್ಚಾಗುತ್ತಾರೆಂದು ಗೊತ್ತಿದ್ದೂ ರಜೆಯಲ್ಲಿ ಸಾಕಷ್ಟು ಬಸ್ಸು ಬಿಡದಿರುವುದು ತಪ್ಪು. ನಾಲ್ಕು ನೂರು ಕಿಲೋಮೀಟರ್ ಆಸುಪಾಸಿನ ದಾರಿಯನ್ನು ಕೂಸು ಎತ್ತಿಕೊಂಡು ನಿಂತು ಬರಲಾದೀತೆ? ರಾಜಕೀಯ ಸಮಾವೇಶಗಳಿಗೆ ಒಂದೇ ದಿನ ಸಾಲುಗಟ್ಟಿ ಬಸ್ಸು ಹೊಂದಿಸಿಕೊಡುವ ನಿಗಮಗಳಿಗೆ ರಜೆಯ ಮೊದಲ ವಾರ ಮತ್ತು ಕೊನೆಯ ವಾರ ಬೆಂಗಳೂರು, ಮಂಗಳೂರು, ಗೋವಾದಿಂದ ನಮ್ಮ ತಾಲ್ಲೂಕು ಕೇಂದ್ರಗಳಿಗೇ ನೇರ ಬಸ್ಸು ಬಿಡುವುದು ಅಸಾಧ್ಯವೇನಲ್ಲ. ಹೆಚ್ಚುವರಿ ಬಸ್ಸು ಹುಬ್ಬಳ್ಳಿಗೋ ಗದಗಕ್ಕೋ ಬಂದು ನಿಂತರೆ ನಟ್ಟಿರುಳಲ್ಲಿ ಗಂಟುಮೂಟೆ, ಮಕ್ಕಳೊಂದಿಗೆ ಇಳಿದವರು ಬೆಳಗಿನ ಬಸ್ಸಿಗೆ ಕಾಯಬೇಕು.

ಸರ್ಕಾರಿ ಬಸ್ಸಿನಲ್ಲಿ ಜಾಗ ಸಿಗದೆ ಕೊನೆ ಗಳಿಗೆಯಲ್ಲಿ ಸಿಕ್ಕ ಬಸ್ಸು ಹತ್ತುವವರಿಗೆ ಅದರ ತುರ್ತು ಬಾಗಿಲು ಎಲ್ಲಿದೆ, ಅಗ್ನಿಶಾಮಕ ಇದೆಯೇ ಎಂದು ನೋಡುವ ವ್ಯವಧಾನ ಇರುವುದಿಲ್ಲ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಆಂಧ್ರದ ಕರ್ನೂಲಿನ ಬಳಿ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಹೊತ್ತಿ ಉರಿದು ಮಲಗಿದ್ದವರು ಬೆಂದುಹೋದದ್ದು ಇನ್ನೂ ಹಸಿ ನೋವು. ದರದ ಪ್ರಶ್ನೆಯನ್ನು ಜೀವದ ಪ್ರಶ್ನೆಯಿಂದ ಬೇರೆ ಮಾಡಿ ನೋಡಲಾಗದು.

ರೈಲಿನ ಮಾತಿಗೆ ಬಂದರೆ, ನರಗುಂದಕ್ಕೂ ಗಜೇಂದ್ರಗಡಕ್ಕೂ ರೈಲೇ ಇಲ್ಲ. ನರಗುಂದದವರು ಹುಬ್ಬಳ್ಳಿಯಲ್ಲಿ ಇಳಿದು ನವಲಗುಂದದ ಮೇಲೆ ಬಸ್ಸಿನಲ್ಲಿ ಬರಬೇಕು. ರೋಣದವರಿಗೆ ಗದಗ–ಹೋಟಗಿ ಮಾರ್ಗದ ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳಿವೆ. ಹತ್ತೊಂಬತ್ತನೇ ಶತಮಾನದಲ್ಲೇ ಹಾಕಿದ ಆ ಮೀಟರ್‌ಗೇಜ್ ಹಳಿ ಬ್ರಾಡ್‌ಗೇಜ್ ಆಯಿತು, ಈಗ ಜೋಡಿ ಹಳಿಯೂ ಆಗಿದೆ. ಹಳಿಯ ಮೇಲೆ ಜಾಗವಾದ ಮೇಲೆ ಬೇಸಿಗೆಗೊಂದು ವಿಶೇಷ ರೈಲನ್ನು ಈ ಮಾರ್ಗದಲ್ಲಿ ಓಡಿಸಿ ಈ ಎರಡು ನಿಲ್ದಾಣಗಳಲ್ಲಿ ಎರಡೆರಡು ನಿಮಿಷ ನಿಲ್ಲಿಸಬಾರದೇ? 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ಹೊಸ ಮಾರ್ಗದಲ್ಲಿ ಪ್ರಯಾಣಿಕರ ರೈಲು ಶುರುವಾಯಿತು. ಗಜೇಂದ್ರಗಡಕ್ಕೆ ಕುಷ್ಟಗಿ ದೂರವೇನಲ್ಲ. ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಕುಷ್ಟಗಿಗೆ ರಾತ್ರಿ ರೈಲು ಬಿಟ್ಟು, ಅದು ಮುಟ್ಟುವ ಹೊತ್ತಿಗೆ ಸರಿಯಾಗಿ ಗಜೇಂದ್ರಗಡದ ಬಸ್ಸು ನಿಂತಿದ್ದರೆ ಬಡವರ ಪಾಲಿಗೆ ದೊಡ್ಡ ಉಪಕಾರ. ವಿಶೇಷ ರೈಲಿನ ಘೋಷಣೆ ಹೊರಡುವುದಕ್ಕೆ ನಾಲ್ಕು ದಿನ ಮೊದಲು ಬಂದರೆ ಮಾತ್ರ ಏನೂ ಪ್ರಯೋಜನವಿಲ್ಲ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 60 ದಿನ. ಆ 60 ದಿನ ಆರಂಭವಾಗುವ ಮೊದಲೇ ರೈಲಿನ ಹೆಸರು, ನಿಲುಗಡೆ ಜನರಿಗೆ ಗೊತ್ತಾಗಬೇಕು.

ನಮ್ಮ ಕೂಗು ಗಟ್ಟಿಯಾಗಿ ಕೇಳದಿರಲು ಇನ್ನೊಂದು ಕಾರಣವಿದೆ. ಒಂದಕ್ಕೊಂದು ಅಂಟಿಕೊಂಡ ಈ ಮೂರು ತಾಲ್ಲೂಕುಗಳಲ್ಲಿ ರೋಣ, ಗಜೇಂದ್ರಗಡ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ, ನರಗುಂದ ಬಾಗಲಕೋಟೆ ಕ್ಷೇತ್ರಕ್ಕೆ ಸೇರಿವೆ. ಕುಷ್ಟಗಿಯ ರೈಲು ಕೊಪ್ಪಳದ್ದು. ಮೂವರು ಸಂಸದರೂ ಒಟ್ಟಾಗಿ ಹುಬ್ಬಳ್ಳಿಯಲ್ಲಿರುವ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಗೆ ಹೋಗಿ ಕೂತರೆ ಈ ಕೆಲಸ ಆಗುತ್ತದೆ. ನೀರಿನ ಕರದ ವಿರುದ್ಧ 1980ರಲ್ಲೂ, ನೀರಿಗಾಗಿ 2015ರಲ್ಲೂ ಬೀದಿಗಿಳಿದು ರಾಜ್ಯವೇ ತಿರುಗಿ ನೋಡುವಂತೆ ಮಾಡಿದ ಸೀಮೆ ನಮ್ಮದು. ಬಸ್ಸಿನ ಸೀಟಿಗೂ ಅಷ್ಟೇ ಕಷ್ಟಪಡಬೇಕಾದ ಗತಿ ಬರಬಾರದು.

ನನ್ನ ಬೇಡಿಕೆಗಳು ಮೂರು. ಮೊದಲನೆಯದು, 67ನೇ ಸೆಕ್ಷನ್ನಿನಡಿ ಖಾಸಗಿ ರಾತ್ರಿ ಬಸ್ಸುಗಳಿಗೆ ಮಾರ್ಗವಾರು ಗರಿಷ್ಠ ದರ ಗೊತ್ತುಮಾಡಿ, ಅದು ಟಿಕೆಟ್ಟಿನ ಮೇಲೂ ಮೊಬೈಲ್ ಆ್ಯಪ್‌ಗಳಲ್ಲೂ ಕಾಣುವಂತೆ ಮಾಡಬೇಕು. ಮೀರಿದವರ ಪರವಾನಗಿ ಅಮಾನತಾಗಬೇಕು, ಹೆಚ್ಚಿಗೆ ಪಡೆದ ಹಣ ಪ್ರಯಾಣಿಕರಿಗೆ ಮರಳಬೇಕು. ಎರಡನೆಯದು, ಬೇಸಿಗೆಯ ಹೆಚ್ಚುವರಿ ಸರ್ಕಾರಿ ಬಸ್ಸುಗಳ ಪಟ್ಟಿ ಮಾರ್ಚ್ ಮೊದಲ ವಾರದಲ್ಲೇ ಹೊರಬರಬೇಕು, ಅದರಲ್ಲಿ ಶಕ್ತಿ ಯೋಜನೆ ಅನ್ವಯವಾಗುವ ವೇಗದೂತ ಬಸ್ಸುಗಳ ಪಾಲು ದೊಡ್ಡದಿರಬೇಕು. ಮೂರನೆಯದು, ಬೇಸಿಗೆಯ ವಿಶೇಷ ರೈಲುಗಳಿಗೆ ಮಲ್ಲಾಪುರ, ಹೊಳೆಆಲೂರು, ಕುಷ್ಟಗಿಗಳಲ್ಲಿ ನಿಲುಗಡೆ ಕೊಟ್ಟು, ಅಲ್ಲಿಂದ ತಾಲ್ಲೂಕು ಕೇಂದ್ರಗಳಿಗೆ ಬಸ್ಸು ಜೋಡಿಸಬೇಕು.

ದುಡಿಮೆಗಾಗಿ ಊರು ಬಿಟ್ಟವರು ಹೆತ್ತವರನ್ನು ನೋಡಲು ವರ್ಷಕ್ಕೊಮ್ಮೆ ಬರುವುದು ಅವರ ಹಕ್ಕು. ರಜೆಯ ದಿನಾಂಕ ಸರ್ಕಾರದ ಕೈಯಲ್ಲಿದೆ, ಅಧಿಕಾರ ಕಾಯಿದೆಯಲ್ಲಿದೆ, ಬಸ್ಸುಗಳು ಡಿಪೊಗಳಲ್ಲಿವೆ. ಮುಂದಿನ ಏಪ್ರಿಲ್‌ಗೆ ಮೊದಲು ದರದ ಮಿತಿಯ ಆದೇಶ ಹೊರಡುತ್ತದೆಯೋ ಇಲ್ಲವೋ ಎಂಬುದನ್ನು ಸಾರಿಗೆ ಸಚಿವರು ಈ ಪತ್ರಿಕೆಯ ಮೂಲಕವೇ ನಮಗೆ ತಿಳಿಸಬೇಕೆಂದು ಕೋರುತ್ತೇನೆ.


ಗಜೇಂದ್ರಗಡ ಮೂಲದ ಓದುಗಿ, ಬೆಂಗಳೂರು