ಲಯ ತಪ್ಪುವ ಹೃದಯ: ಲೆಕ್ಕ ತಪ್ಪಿದ್ದೆಲ್ಲಿ?

ಹೃದಯ ಬಡಿತದ ಲಯ ತಪ್ಪುವ ‘ಏಟ್ರಿಯಲ್ ಫಿಬ್ರಿಲೇಷನ್’ ಎಂಬ ತೊಂದರೆ ವಯಸ್ಕರಲ್ಲಿ ವೈದ್ಯಲೋಕ ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿದೆ. ಅಮೆರಿಕದಲ್ಲಿ ಇಂಥ ರೋಗಿಗಳು ಸುಮಾರು 23 ಲಕ್ಷ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. 2050ರ ವೇಳೆಗೆ ಈ ಸಂಖ್ಯೆ 56 ಲಕ್ಷಕ್ಕೇರಬಹುದೆಂದೂ ಹೇಳಿತ್ತು. ಆದರೆ ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಮಂಡಿಸಿದ ಲೆಕ್ಕದ ಪ್ರಕಾರ ಅಲ್ಲಿನ ರೋಗಿಗಳು ಕನಿಷ್ಠ 1.05 ಕೋಟಿ, ಅಂದರೆ ವಯಸ್ಕರಲ್ಲಿ ಸುಮಾರು ಶೇ. 5. 2050ರವರೆಗೆ ಕಾಯುವ ಅಗತ್ಯವೇ ಬೀಳಲಿಲ್ಲ.

ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರಿದೇ ಕಂಪಿಸುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹರಿದರೆ ಪಾರ್ಶ್ವವಾಯು ಖಚಿತ. ಈ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂಬುದು ಫ್ರಾಮಿಂಗ್‌ಹ್ಯಾಮ್ ಅಧ್ಯಯನದಿಂದ 1991ರಲ್ಲೇ ತಿಳಿದಿತ್ತು. ಅನೇಕರಿಗೆ ಎದೆ ಡವಗುಟ್ಟುವುದೂ ಅರಿವಿಗೆ ಬರುವುದಿಲ್ಲ. ಲಕ್ವ ಹೊಡೆದ ಮೇಲಷ್ಟೇ ಕಾರಣ ಗೊತ್ತಾಗುತ್ತದೆ.

ರೋಗ ನಿಜಕ್ಕೂ ಹೆಚ್ಚಿದೆಯೇ ಅಥವಾ ಪತ್ತೆಹಚ್ಚುವಿಕೆ ಹೆಚ್ಚಿದೆಯೇ? ಕ್ಯಾಲಿಫೋರ್ನಿಯಾದ ಅಂಕಿ-ಅಂಶ ಆಸ್ಪತ್ರೆಯ ಮೆಟ್ಟಿಲು ಹತ್ತಿದವರದು. ಹಾಗಾಗಿ ಅದನ್ನು ಇಡೀ ಜನಸಂಖ್ಯೆಗೆ ಅನ್ವಯಿಸುವಾಗ ತುಸು ಎಚ್ಚರ ಬೇಕು. ಆದರೆ ಇಸಿಜಿ ತೋರಿಸುವ ಕೈಗಡಿಯಾರಗಳಿಗೆ ಎಲ್ಲ ಶ್ರೇಯ ಕೊಡುವಂತಿಲ್ಲ. ಅವು ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಈ ಅಧ್ಯಯನದ ದತ್ತಾಂಶವಾದರೋ 2005ರಿಂದ 2019ರವರೆಗಿನದು. ಡೆನ್ಮಾರ್ಕಿನಲ್ಲೂ ಜೀವಮಾನದಲ್ಲಿ ಈ ರೋಗ ತಗುಲುವ ಸಾಧ್ಯತೆ 2000-2010ರ ಅವಧಿಯಲ್ಲಿ ಶೇ. 24 ಇದ್ದದ್ದು 2011-2022ರಲ್ಲಿ ಶೇ. 31ಕ್ಕೇರಿದೆ. ಆಯುಸ್ಸು ಹೆಚ್ಚಿದೆ, ಬೊಜ್ಜು, ರಕ್ತದೊತ್ತಡ, ಮಧುಮೇಹಗಳೂ ಹೆಚ್ಚಿವೆ. ಹೃದಯಾಘಾತದಿಂದ ಬದುಕುಳಿದವರ ಹೃದಯ ಮುಂದೆ ಲಯ ತಪ್ಪುವುದೂ ಉಂಟು. ಒಂದರ್ಥದಲ್ಲಿ ಇದು ಚಿಕಿತ್ಸೆಯ ಯಶಸ್ಸಿಗೆ ತೆತ್ತ ಬೆಲೆ.

ಭಾರತದ ಚಿತ್ರವೇ ಬೇರೆ. 2017ರಲ್ಲಿ ಪ್ರಕಟವಾದ ಇಂಡಿಯನ್ ಹಾರ್ಟ್ ರಿದಮ್ ಸೊಸೈಟಿಯ ನೋಂದಣಿಯಲ್ಲಿದ್ದ ರೋಗಿಗಳ ಸರಾಸರಿ ವಯಸ್ಸು ಸುಮಾರು 55. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರುಮ್ಯಾಟಿಕ್ ಹೃದ್ರೋಗವಿತ್ತು. ಬಾಲ್ಯದ ಗಂಟಲು ಸೋಂಕಿಗೆ ತಕ್ಕ ಔಷಧ ಸಿಗದೆ ಕವಾಟ ಹಾಳಾದವರಿವರು. ಪಶ್ಚಿಮದಲ್ಲಿ ಇದು ವೃದ್ಧಾಪ್ಯದ ಕಾಯಿಲೆ; ಇಲ್ಲಿ ದುಡಿಯುವ ವಯಸ್ಸಿನವರದ್ದೂ ಹೌದು.

ಔಷಧದ ವಿಷಯದಲ್ಲೂ ಈ ರೋಗಿಗಳು ದುರದೃಷ್ಟರು. ಹೆಪ್ಪು ತಡೆಯುವ ಹೊಸ ಮಾತ್ರೆಗಳಿಗೆ ಪದೇ ಪದೇ ರಕ್ತಪರೀಕ್ಷೆ ಬೇಕಿಲ್ಲ. ಆದರೆ ರುಮ್ಯಾಟಿಕ್ ರೋಗಿಗಳ ಮೇಲೆ 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ‘ಇನ್ವಿಕ್ಟಸ್’ ಪ್ರಯೋಗದಲ್ಲಿ, ರಿವರಾಕ್ಸಬಾನ್ ಪಡೆದವರಿಗಿಂತ ವಾರ್ಫರಿನ್‌ನಂಥ ಹಳೆಯ ಔಷಧ ಪಡೆದವರಲ್ಲೇ ಸಾವು ಕಡಿಮೆಯಾಗಿತ್ತು. ವಾರ್ಫರಿನ್ ಅಗ್ಗವೇನೋ ಸರಿ. ಆದರೆ ಅದರ ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆದ್ದರಿಂದ ಐಎನ್‌ಆರ್ ಪರೀಕ್ಷೆಗೆ ಆಗಾಗ ಹೋಗಲೇಬೇಕು. ಹಳ್ಳಿಯ ಕೂಲಿಕಾರ್ಮಿಕನಿಗೆ ಮಾತ್ರೆಗಿಂತ ದುಬಾರಿಯಾಗುವುದು ಪ್ರಯೋಗಾಲಯದವರೆಗಿನ ಬಸ್ಸಿನ ಖರ್ಚು ಮತ್ತು ಆ ದಿನದ ಕೂಲಿ.