ಪಾರ್ಶ್ವವಾಯು ಯಾವ ಲೆಕ್ಕಕ್ಕೆ?

ಪಾರ್ಶ್ವವಾಯು ಬಡಿದವರ ಒಂದು ಪಕ್ಕ ಬಿದ್ದುಹೋಗುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಆದರೆ ಕೆಟ್ಟಿರುವುದು ಕೈಕಾಲಲ್ಲ, ಮೆದುಳು. ಅಲ್ಲಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಬರುವ ರೋಗವಿದು. ಹಾಗಿದ್ದೂ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದು ಬಹುಕಾಲ ಹೃದ್ರೋಗದ ನೆರೆಮನೆಯಲ್ಲಿತ್ತು.

1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋನ್ ಸಿದ್ಧಪಡಿಸಿದ ಮರಣಕಾರಣಗಳ ಪಟ್ಟಿಯೇ ಈ ವರ್ಗೀಕರಣದ ಮೂಲ. 1948ರಿಂದ ಅದರ ಹೊಣೆ ವಿಶ್ವ ಆರೋಗ್ಯ ಸಂಸ್ಥೆಯದು. ಆ ವರ್ಷದ ಆರನೆಯ ಆವೃತ್ತಿಯಲ್ಲಿ ನರಮಂಡಲದ ರೋಗಗಳ ಜೊತೆಗಿದ್ದ ಪಾರ್ಶ್ವವಾಯು ಎಂಟನೆಯದರಲ್ಲಿ ರಕ್ತಪರಿಚಲನೆಯ ಅಧ್ಯಾಯಕ್ಕೆ ಹೋಯಿತು. 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಂದು ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಅದು ನರಮಂಡಲದ ಅಧ್ಯಾಯಕ್ಕೆ ಮರಳಿದೆ. ಇದನ್ನು ನಾವು ಸ್ವಾಗತಿಸುತ್ತೇವೆ.

ಪುಟ ಬದಲಾದರೆ ರೋಗಿಗೇನು ಲಾಭ ಎಂದು ಕೇಳುವವರಿರಬಹುದು. ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು. ಆ ಯಂತ್ರ ಎಲ್ಲಿರಬೇಕು, ನರರೋಗ ತಜ್ಞರು ಎಷ್ಟು ಮಂದಿ ಬೇಕು ಎಂದು ಸರಕಾರಗಳು ತೀರ್ಮಾನಿಸುವಾಗ ಮುಂದಿಡುವುದು ಇಂಥ ಲೆಕ್ಕಗಳನ್ನೇ. ಎಣಿಕೆಗೆ ಸಿಗದ ನೋವಿಗೆ ಬಜೆಟ್ಟಿನಲ್ಲಿ ಜಾಗವಿಲ್ಲ. ಎಂಡೋಸಲ್ಫಾನ್ ಪೀಡಿತರ ಪಟ್ಟಿಯಲ್ಲಿ ಹೆಸರು ಸೇರಿಸಲು ಅಲೆದಾಡಿದ ಮನೆಗಳಿರುವ ಈ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಜಿನೀವಾದ ಗ್ರಂಥ ತಿದ್ದಿದರೆ ಸಾಲದು. ಮರಣಕಾರಣದ ಪ್ರಮಾಣಪತ್ರದಲ್ಲಿ 'ಹೃದಯ, ಉಸಿರಾಟ ನಿಂತು ಮರಣ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಹೃದಯ ನಿಲ್ಲದೆ ಸಾಯುವವರು ಯಾರು? ಮೂಲರೋಗವನ್ನು ಬರೆಯದಿದ್ದರೆ ಯಾವ ಅಧ್ಯಾಯವಿದ್ದೂ ಪ್ರಯೋಜನವಿಲ್ಲ.

ಈ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕೆಂದು ಜನನ ಮರಣ ನೋಂದಣಿ ಕಾನೂನಿನ 2023ರ ತಿದ್ದುಪಡಿ ಹೇಳುತ್ತದೆ. ದುಃಖದ ಹೊತ್ತಿನಲ್ಲಿ ಕಾಗದ ಓದುವ ಮನಸ್ಸು ಯಾರಿಗೂ ಇರುವುದಿಲ್ಲ, ನಿಜ. ಆದರೂ ಪ್ರತಿಯನ್ನು ಕೇಳಿ ಪಡೆಯೋಣ. ಕೈ ಸೋತದ್ದು ಯಾವಾಗ, ಮಾತು ನಿಂತದ್ದು ಯಾವಾಗ ಎಂದು ವೈದ್ಯರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸೋಣ. ಮಲಯಾಳದಲ್ಲಿ ಹೇಳಲು ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯೋಣ. ಕನ್ನಡದಲ್ಲಿ ಹೇಳಿಕೊಂಡ ಸಂಕಟವೂ ಸರಿಯಾದ ಹೆಸರಿನಲ್ಲಿ ದಾಖಲಾಗಲಿ ಎಂಬುದೇ ನಮ್ಮ ಒತ್ತಾಯ.