ತೊಟ್ಟಿಲ ಬಳಿಗೆ ಬರುವ ದಾದಿ

ಕನ್ನಡ ಅಧ್ಯಾಪಕನಿಗೆ ದಾದಿಯರ ಶಿಕ್ಷಣದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ನನ್ನ ತಂಗಿ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಮಗುವಿಗೆ ಆಗ ಇಪ್ಪತ್ತು ದಿನ. ಮನೆಗೆ ಬಂದ ದಾದಿಯೊಡನೆ ನಮ್ಮ ತಾಯಿ, “ಮಗು ಮೊಲೆ ಹಿಡೀತಿಲ್ಲ ಕಣಮ್ಮ, ಮಂಕಾಗಿದೆ” ಎಂದರು. ದಾದಿ ಚುರುಕಿನ ಹುಡುಗಿ. ತೂಕ ನೋಡಿದಳು, ಜ್ವರ ನೋಡಿದಳು, ಪುಸ್ತಕದ ಕಲಮುಗಳನ್ನೆಲ್ಲ ತುಂಬಿದಳು. ಅಜ್ಜಿಯ ಮಾತಿಗೆ ಮಾತ್ರ ಅಲ್ಲಿ ಸ್ಥಳವಿರಲಿಲ್ಲ. ಅದೇ ರಾತ್ರಿ ಮಗುವಿನ ಪಕ್ಕೆ ಸೆಳೆಯತೊಡಗಿತು. ಆಸ್ಪತ್ರೆಗೆ ಓಡಿದೆವು. ಮಗು ಉಳಿಯಿತು.

ಎಳೆಗೂಸು ಹಾಲು ಬಿಡುವುದು ಅಪಾಯದ ಚಿಹ್ನೆಯೆಂದು ದಾದಿಯರ ಪಾಠದಲ್ಲಿಯೇ ಇದೆ. ಆಕೆ ಅದನ್ನು ಇಂಗ್ಲಿಷಿನಲ್ಲಿ ಕಲಿತಿದ್ದಳು, ಕೇಳಿದ್ದು ಕನ್ನಡದಲ್ಲಿ. ಎರಡೂ ಒಂದೇ ಎಂದು ಹೊಳೆಯಲಿಲ್ಲ. ತಪ್ಪು ಹುಡುಗಿಯದಲ್ಲ, ಶಿಕ್ಷಣದ್ದು.

ಆಸ್ಪತ್ರೆಯ ಮಗು ಮಂಚದ ಮೇಲಿರುತ್ತದೆ. ಊರಿನ ಮಗು ತಾಯಿಯ ಮಡಿಲಲ್ಲಿ, ಅಜ್ಜಿಯ ಅಂಕೆಯಲ್ಲಿ ಇರುತ್ತದೆ. ಹುಟ್ಟಿದ 42 ದಿನಗಳೊಳಗೆ ಆರು ಸಲ ಆಶಾ ಕಾರ್ಯಕರ್ತೆ ಮಗುವನ್ನು ಮನೆಯಲ್ಲೇ ನೋಡಬೇಕೆಂಬ ಏರ್ಪಾಡು 2011ರಲ್ಲಿ ಬಂತು. ಆಕೆಗೆ ದಾರಿ ತೋರಬೇಕಾದವಳು ಉಪಕೇಂದ್ರದ ದಾದಿ. ಎರಡು ತಿಂಗಳೊಳಗಿನ ಮಗುವಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚಾದರೆ ಅಪಾಯ. ಆದರೆ ಅಳುವ ಮಗುವಿನ ಉಸಿರನ್ನು ಎಣಿಸಲಾಗದು. ಸಂತೈಸಬೇಕು, ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ನೋಡಬೇಕು. ಇದಕ್ಕೆ ಬೇಕಾದುದು ಗಡಿಯಾರ, ತಾಳ್ಮೆ, ತಾಯಿಯ ವಿಶ್ವಾಸ. ಮೂರನೆಯದು ಮಾತಿನಿಂದಲ್ಲದೆ ದೊರೆಯದು.

ವೈದ್ಯಕ್ಕೆ ಇಂಗ್ಲಿಷೇ ಗತಿ ಎನ್ನುವವರುಂಟು. ಔಷಧದ ಹೆಸರಿಗೆ ನಾನೂ ಒಪ್ಪುತ್ತೇನೆ. ಆದರೆ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಅಷ್ಟಿಷ್ಟು ಓದಿದ್ದ ಹಳ್ಳಿಯ ಹೆಂಗಸರಿಗೇ ಶಿಶುಪಾಲನೆಯನ್ನು ಕಲಿಸಿದರು. ನವಜಾತ ಶಿಶುಗಳ ಮರಣ ಅರ್ಧಕ್ಕೂ ಕೆಳಗಿಳಿಯಿತೆಂದು 1999ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಲೋಕವೇ ಗಮನಿಸಿತು.

ಆದುದರಿಂದ ನನ್ನ ಸೂಚನೆ ಇಷ್ಟೆ. ದಾದಿಯರ ಶಾಲೆಗಳಲ್ಲಿ ಕನ್ನಡ ಅಧ್ಯಾಪಕರೂ ಶುಶ್ರೂಷಾ ಶಿಕ್ಷಕಿಯರೂ ಕೂಡಿ, ಜಿಲ್ಲೆ ಜಿಲ್ಲೆಯ ತಾಯಂದಿರು ಮಗುವಿನ ಬೇನೆಯನ್ನು ಹೇಳುವ ಮಾತುಗಳನ್ನು ಕಲೆಹಾಕಿ ಪಾಠ ಮಾಡಲಿ. ವಿದ್ಯಾರ್ಥಿನಿಯರು ಅನುಭವಿ ದಾದಿಯ ಹಿಂದೆ ಕೆಲವು ವಾರ ಮನೆಮನೆ ತಿರುಗಲಿ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಾಯಿಮಾತಿನದಾಗಿರಲಿ: ಭೇದಿಯಾದ ಮಗುವಿಗೆ ಓ.ಆರ್.ಎಸ್. ಕುಡಿಸುವ ಬಗೆಯನ್ನು ತಾಯಿಗೆ ಕನ್ನಡದಲ್ಲಿ ತಿಳಿಸಿ, ಅವಳಿಂದಲೇ ತಿರುಗಿ ಹೇಳಿಸಬೇಕು.

ಹಳಗನ್ನಡದ ಪದಕ್ಕೆ ಅರ್ಥ ಹುಡುಕುತ್ತ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಅಜ್ಜಿಯ ಒಂದು ಮಾತಿನ ಅರ್ಥಕ್ಕೆ ಜೀವದ ಬೆಲೆಯುಂಟೆಂಬುದು ಆ ರಾತ್ರಿ ತಿಳಿಯಿತು.